ನಮ್ಮೆಜಮಾನರ ನೆನಪಿಗೆ ಎಷ್ಟು ಪರೀಕ್ಷೆ

ಜೂನ್ ಒಂಬತ್ತು, ಸೋಮವಾರ. ನನ್ನ ಹಳೆಯ ಡೈರಿಯಲ್ಲಿ ಆ ದಿನದ ಪುಟದಲ್ಲಿ ಹೀಗಿದೆ: ‘ಬೆಳಿಗ್ಗೆ ಅಕ್ಕ ಮಲ್ಲೇಶ್ವರದಿಂದ ಬಂದಳು. ಹುಳಿಗೆ ದಂಟಿನ ಸೊಪ್ಪು ತರಲು ಇವರು ಗಾಂಧಿ ಬಜಾರಿಗೆ ಹೋದರು. ಊಟದ ಹೊತ್ತಾದರೂ ಬರಲಿಲ್ಲ.’

ಮದುವೆಯಾದಾಗಿನಿಂದ ಡೈರಿ ಬರೆಯುತ್ತಿದ್ದೇನೆ. ಗ್ಯಾಸ್ ಸಿಲಿಂಡರ್ ಬಂದ ದಿನ, ಮಗನಿಗೆ ಜ್ವರ ಬಿಟ್ಟ ದಿನ, ಹಾಲಿನವನು ಬದಲಾದ ದಿನ, ಎಲ್ಲವೂ ಅದರಲ್ಲಿವೆ. ಆ ಕಾಲದ ಬಿ.ಎಸ್ಸಿ. ನಾನು, ಬರೆದಿಡದ ವಿಷಯವನ್ನು ನಂಬುವುದು ನನಗೆ ಕಷ್ಟ. ಆ ವರ್ಷದ ಡೈರಿಯನ್ನು ಈಗ ತಿರುವಿ ಹಾಕಿದರೆ ಒಂದು ವಿಷಯ ಗೊತ್ತಾಗುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ನಗು ಬರುವಂಥದ್ದೂ ಎದೆ ಝಲ್ಲೆನ್ನುವಂಥದ್ದೂ ಒಟ್ಟಿಗೇ ನಡೆಯುತ್ತಿರುತ್ತವೆ. ಯಾವುದು ನಗು, ಯಾವುದು ಭಯ ಎಂದು ಆಮೇಲೆ ಕೂತು ಬೇರೆ ಮಾಡಿಕೊಳ್ಳಬೇಕಾಗುತ್ತದೆ.

ಚಾಮರಾಜಪೇಟೆಯ ಕಾಫಿ

ನಮ್ಮೆಜಮಾನರು ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದವರು. ಆಗ ಅವರಿಗೆ ಎಪ್ಪತ್ತೆಂಟು. ತ್ಯಾಗರಾಜನಗರದ ನಮ್ಮ ಮನೆಯಿಂದ ಗಾಂಧಿ ಬಜಾರಿಗೆ ಕಣ್ಣು ಮುಚ್ಚಿಕೊಂಡು ಹೋಗಿಬರುತ್ತಿದ್ದರು. ಅಂಥವರು ಸೊಪ್ಪು ತರಲು ಹೋಗಿ ಮಧ್ಯಾಹ್ನ ಎರಡು ಗಂಟೆಯಾದರೂ ಪತ್ತೆಯಿಲ್ಲ. ಮೊಬೈಲು ಊಟದ ಮೇಜಿನ ಮೇಲೇ ಇತ್ತು. ಅವೆನ್ಯೂ ರಸ್ತೆಯಲ್ಲಿ ಸ್ಟೇಷನರಿ ಅಂಗಡಿ ಇಟ್ಟಿರುವ ನಮ್ಮ ಮಗ ಶಟರ್ ಎಳೆದು ಓಡಿಬಂದ. ಬಜಾರಿನಲ್ಲಿ ವಿಚಾರಿಸಿದರೆ ಸೊಪ್ಪಿನವಳು, “ಯಜಮಾನ್ರು ಸೊಪ್ಪು ತಗೊಂಡು ಆಟೋ ಹತ್ತಿದ್ರಲ್ಲಣ್ಣ” ಎಂದಳಂತೆ. ಮನೆ ಹತ್ತಿರ ಇರುವವರು ಆಟೋ ಹತ್ತಿ ಎಲ್ಲಿಗೆ ಹೋದರು?

ಮೂರೂವರೆಗೆ ಮಗನಿಗೆ ಅಪರಿಚಿತ ಹೆಂಗಸೊಬ್ಬರ ಫೋನು. “ಇಲ್ಲೊಬ್ರು ತಾತ ನಮ್ಮನೆ ಜಗಲಿ ಮೇಲೆ ಕೂತಿದ್ದಾರೆ. ಅವರ ಜೇಬಲ್ಲಿ ನಿಮ್ಮ ಅಂಗಡಿ ಕಾರ್ಡ್ ಇತ್ತು.” ಆ ಜಗಲಿ ಚಾಮರಾಜಪೇಟೆಯದು. ಮದುವೆಯಾದ ಹೊಸದರಲ್ಲಿ ನಾವು ಬಾಡಿಗೆಗಿದ್ದ ಮನೆ.

ನಾವು ಮೂವರೂ ಕಾರಿನಲ್ಲಿ ಹೋದೆವು, ಅಕ್ಕನೂ ಸೇರಿ. ಆ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: “ಹಿಂದೆ ಇಲ್ಲೇ ಇದ್ವಿ ಅಂದ್ರು, ಪಾಪ ಅಂತ ಕಾಫಿ ಕೊಟ್ಟೆ. ಆಮೇಲೆ, ನನ್ನ ಹುಡುಕ್ಕೊಂಡು ಯಾರಾದ್ರೂ ಬಂದ್ರೆ ನಾನಿಲ್ಲ ಅಂದ್ಬಿಡಿ ಅಂದ್ರು. ಭಯ ಆಯ್ತು ನಂಗೆ. ಅವರು ತೂಕಡಿಸೋವಾಗ ಕಾರ್ಡ್ ನೋಡಿ ಫೋನ್ ಮಾಡಿದೆ.”

ವಾಪಸು ಬರುವಾಗ ನಾನು, “ಹಳೇ ಮನೇನೇ ನಮ್ಮನೆ ಅನ್ಕೊಂಡ್ಬಿಟ್ರಿ, ಅಲ್ವೇನ್ರೀ?” ಎಂದು ಕೇಳಿ, “ಹೌದು, ಅದೇ ಆಗಿರೋದು” ಎಂದು ನಾನೇ ಉತ್ತರವನ್ನೂ ಹೇಳಿದೆ. ಅವರು ಬಾಯಿ ತೆರೆದರು. ಅಷ್ಟರಲ್ಲಿ ಅಕ್ಕ ನೀರಿನ ಬಾಟಲಿ ಬಾಯಿಗೆ ಹಿಡಿದಳು. ಕುಡಿದು, ಬಾಯಿ ಒರೆಸಿಕೊಂಡು, ಒಂದೇ ಒಂದು ಮಾತಾಡಿದರು:

“ಆಯಮ್ಮನ ಕಾಫಿ ನಮ್ಮನೇದಕ್ಕಿಂತ ಚೆನ್ನಾಗಿತ್ತು.”

ಇವರ ತಲೆಗೆ ಏನೋ ಆಗಿದೆಯೆಂದು ನನಗೆ ಖಾತ್ರಿಯಾದದ್ದು ಆಗಲೇ.

ಮನೆಯ ಮೆಡಿಕಲ್ ಬೋರ್ಡು

ಅಕ್ಕ ಆ ದಿನ ವಾಪಸು ಹೋಗಲಿಲ್ಲ. “ಇಂಥ ಹೊತ್ತಲ್ಲಿ ನಿನ್ನೊಬ್ಬಳನ್ನೇ ಬಿಟ್ಟು ಹೇಗೆ ಹೋಗ್ಲಿ?” ಎಂದು ಮಲ್ಲೇಶ್ವರದಿಂದ ಸೂಟ್‌ಕೇಸು ತರಿಸಿಕೊಂಡಳು. ಅವಳು ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿದ್ದವಳು. ಮೈಕಿಲ್ಲದೆ ಇಡೀ ಮೈದಾನಕ್ಕೆ ಕೇಳಿಸುವ ಕಂಠ ಈಗಲೂ ಹಾಗೇ ಇದೆ.

ಸಂಜೆ ಕಾಫಿಗೆ ಕೂತಾಗ ಯಾವ ಪರೀಕ್ಷೆ ಮಾಡಿಸಬೇಕೆಂಬ ಚರ್ಚೆ ಶುರುವಾಯಿತು. ಅಕ್ಕ ಪೆಟ್ ಸ್ಕ್ಯಾನ್ ಎಂದಳು. ಅವಳ ಗೆಳತಿಯೊಬ್ಬಳ ಯಜಮಾನರಿಗೆ ಅದನ್ನೇ ಮಾಡಿಸಿದ್ದರಂತೆ. “ದೊಡ್ಡದನ್ನ ಮೊದ್ಲು ಮಾಡಿಸ್ಬಿಟ್ರೆ ಚಿಕ್ಕದರ ತಂಟೆ ಇರಲ್ಲ.” ಮಗ ಮೊಬೈಲಿನಲ್ಲಿ ಓದಿ, ಈಗ ಜೀನ್ ಪರೀಕ್ಷೆ ಬಂದಿದೆ, ಎಂಜಲು ಕಳಿಸಿದರೆ ಸಾಕು ಎಂದ. ನಾನು ಒಂದು ಹಾಳೆಗೆ ಗೆರೆ ಹೊಡೆದು ಒಂದು ಕಡೆ ಪರೀಕ್ಷೆಯ ಹೆಸರು, ಇನ್ನೊಂದು ಕಡೆ ಅದರಿಂದ ಏನು ತಿಳಿಯುತ್ತದೆ ಎಂದು ಬರೆಯುತ್ತಾ ಹೋದೆ. ಎರಡನೆಯ ಕಡೆ ಹೆಚ್ಚಿನದೆಲ್ಲ ಖಾಲಿಯೇ ಉಳಿಯಿತು.

ಇಷ್ಟೂ ಹೊತ್ತು ಇವರು ನಮ್ಮ ಮಧ್ಯದಲ್ಲೇ ಕೂತು ಚಕ್ಕುಲಿ ಮುರಿದು ತಿನ್ನುತ್ತಿದ್ದರು. ತಟ್ಟೆ ಖಾಲಿಯಾದ ಮೇಲೆ ತಲೆಯೆತ್ತಿ ನಮ್ಮ ಮುಖಗಳನ್ನು ನೋಡಿದರು.

“ಏನು, ಯಾರಿಗೆ ಹುಷಾರಿಲ್ಲ?”

ಅಕ್ಕ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಮಗ ಆ ಹಾಳೆಯಲ್ಲಿ ಪೆಟ್ ಸ್ಕ್ಯಾನಿನ ಕೆಳಗೆ ಎರಡು ಗೆರೆ ಎಳೆದ.

ಆ ವಾರದ್ದೇ ಇನ್ನೊಂದು ವಿಷಯ ಡೈರಿಯಲ್ಲಿದೆ. ಅದರಲ್ಲಿ ನಗುವಂಥದ್ದೇನೂ ಇಲ್ಲ. ಒಂದು ಮಧ್ಯಾಹ್ನ ಎಲೆಯ ಮುಂದೆ ಕೂತು ತುಪ್ಪ ಹಾಕಿಸಿಕೊಳ್ಳುವಾಗ ಇವರು, “ಅಮ್ಮನ ಊಟ ಆಯ್ತಾ?” ಎಂದು ಕೇಳಿದರು. ಅತ್ತೆ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ನಾನು “ಆಯ್ತು” ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ.

ಪರೀಕ್ಷೆಗೆ ಟ್ಯೂಷನ್

ನಮ್ಮ ಬಡಾವಣೆಯ ಡಾಕ್ಟರು ನನ್ನ ಹಾಳೆಯನ್ನು ನೋಡಿ ಮಡಿಸಿ ವಾಪಸು ಕೊಟ್ಟರು. “ಮೊದ್ಲು ಇವರನ್ನ ಕೂರಿಸ್ಕೊಂಡು ಮಾತಾಡಿಸೋರ ಹತ್ರ ಕರ್ಕೊಂಡು ಹೋಗಿ ಅಮ್ಮ. ಸ್ಕ್ಯಾನ್ ಎಲ್ಲೂ ಓಡಿಹೋಗಲ್ಲ” ಎಂದು, ಮರೆವಿನ ತೊಂದರೆಗಳನ್ನೇ ನೋಡುವ ಒಬ್ಬ ಡಾಕ್ಟರಮ್ಮನಿಗೆ ಚೀಟಿ ಬರೆದರು. ದಿನ ಸಿಕ್ಕಿದ್ದು ಮುಂದಿನ ವಾರಕ್ಕೆ.

ಅಷ್ಟರಲ್ಲಿ ಅಕ್ಕ ಗೆಳತಿಗೆ ಫೋನ್ ಮಾಡಿ ಅಲ್ಲಿ ಏನೇನು ಕೇಳುತ್ತಾರೆಂದು ತಿಳಿದುಕೊಂಡಳು. ಮೂರು ಪದ ಹೇಳಿ ಆಮೇಲೆ ಒಪ್ಪಿಸಲು ಹೇಳುತ್ತಾರೆ; ನೂರರಿಂದ ಏಳೇಳು ಕಳೆಯುತ್ತಾ ಬರಬೇಕು. ಗೆಳತಿಯ ಯಜಮಾನರಿಗೆ ಬಂದಿದ್ದ ಪದ ಕಮಲ, ಕುದುರೆ, ಬಾಗಿಲು. ನಮ್ಮ ಮನೆತನದಲ್ಲಿ ಯಾವ ಪರೀಕ್ಷೆಯಲ್ಲೂ ಯಾರೂ ಫೇಲಾದವರಿಲ್ಲ. ಮಗನ ಎಸ್ಸೆಸ್ಸೆಲ್ಸಿಗೆ ಹೇಗೆ ಕೂರಿಸಿದ್ದೆವೋ ಹಾಗೇ ಇವರನ್ನೂ ಬೆಳಿಗ್ಗೆ ಸ್ನಾನ ಮಾಡಿಸಿ ಕೂರಿಸಿದೆವು.

“ರಾಯರೇ, ಇನ್ನೊಂದ್ಸಲ. ಕಮಲ?” ಎನ್ನುತ್ತಿದ್ದಳು ಅಕ್ಕ.

“ಕುದುರೆ, ಬಾಗಿಲು.”

“ನೂರರಲ್ಲಿ ಏಳು ಹೋದ್ರೆ?”

“ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು...”

ವಾರದ ಕೊನೆಗೆ ಗಾಯತ್ರಿ ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದರು. ಪರೀಕ್ಷೆಯ ದಿನ ನಾನು ಮೊಸರು ಸಕ್ಕರೆ ಬಾಯಿಗೆ ಹಾಕಿಯೇ ಕಳಿಸಿದ್ದು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮೆಲುಮಾತು. “ಸಾರ್, ಮೂರು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ. ಮಾವು, ಚಮಚ, ರಸ್ತೆ. ಹೇಳಿ ನೋಡೋಣ.”

“ಕಮಲ, ಕುದುರೆ, ಬಾಗಿಲು” ಎಂದರು ಇವರು, ಬೆನ್ನು ನೆಟ್ಟಗೆ ಮಾಡಿಕೊಂಡು.

ಡಾಕ್ಟರಮ್ಮನ ಪೆನ್ನು ನಿಂತಿತು. “ಸರಿ, ಇಪ್ಪತ್ತರಿಂದ ಮೂರು ಮೂರು ಕಳೀತಾ ಬನ್ನಿ.”

“ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು.”

ನನಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಅಕ್ಕ ಮಾತ್ರ ಹಿಂದಿನ ಕುರ್ಚಿಯಲ್ಲಿ ಪ್ರತಿ ಉತ್ತರಕ್ಕೂ ತಲೆಯಾಡಿಸುತ್ತಿದ್ದಳು, ಎಲ್ಲವೂ ಸರಿಯಾಗಿತ್ತಲ್ಲ. ಡಾಕ್ಟರಮ್ಮ ಅವಳನ್ನು ನೋಡಿದರು, ನನ್ನನ್ನು ನೋಡಿದರು.

“ಯಾರು ಹೇಳ್ಕೊಟ್ಟಿದ್ದು?”

ನಾನು ನಿಜ ಹೇಳಿದೆ.

“ಅಮ್ಮ, ಹೋದ ವಾರದ ಪಾಠ ಒಂದು ಅಕ್ಷರ ಬಿಡದೆ ಒಪ್ಪಿಸಿದ್ದಾರೆ. ಅದಕ್ಕೆ ಮಾರ್ಕ್ಸ್ ಕೊಡೋ ಜಾಗ ನನ್ನ ಹಾಳೇಲಿಲ್ಲ. ನಾನಿವತ್ತು ಏನು ಕೇಳ್ದೆ ಅಂತ ಮಾತ್ರ ಇವರಿಗೆ ಕೇಳಿಸೇ ಇಲ್ಲ.”

ಎರಡು ಕಿವಿ

ಹಾಗಾಗಿ ನಮ್ಮ ಮೊದಲ ದೊಡ್ಡ ಪರೀಕ್ಷೆ ಮೆದುಳಿನದಲ್ಲ, ಕಿವಿಯದು. ಜೊತೆಗೆ ರಕ್ತ: ಸಕ್ಕರೆ, ಥೈರಾಯ್ಡ್, ಬಿ12 ವಿಟಮಿನ್. ಜೊತೆಗೆ ಮನೆಯಲ್ಲಿದ್ದ ಅಷ್ಟೂ ಮಾತ್ರೆಗಳನ್ನು ಒಂದು ಚೀಲದಲ್ಲಿ ತರಲು ಡಾಕ್ಟರಮ್ಮ ಹೇಳಿದ್ದರು. ಅದರಲ್ಲಿ ಯಾವಾಗಲೋ ತುರಿಕೆಗೆಂದು ಕೊಟ್ಟ ಮಾತ್ರೆಯೊಂದನ್ನು ಇವರು ಇನ್ನೂ ದಿನವೂ ನುಂಗುತ್ತಿದ್ದರು. “ಈ ವಯಸ್ಸಲ್ಲಿ ಇದೇ ಮಂಕು ಮಾಡುತ್ತೆ” ಎಂದು ಅದನ್ನು ಎತ್ತಿಟ್ಟುಕೊಂಡರು. ಪೆಟ್ ಸ್ಕ್ಯಾನಿನ ಮಾತನ್ನು ಅಕ್ಕ ಎತ್ತಿದಾಗ ಡಾಕ್ಟರಮ್ಮ ಹೇಳಿದ್ದನ್ನು ಡೈರಿಯಲ್ಲಿ ಹಾಗೇ ಬರೆದಿಟ್ಟಿದ್ದೇನೆ: “ಮೇಡಂ, ಚೀಟೀಲಿ ಪರೀಕ್ಷೆ ಬರೆಯೋ ಮುಂಚೆ ನಾನು ಒಂದೇ ಕೇಳ್ಕೋತೀನಿ. ಇದರ ಉತ್ತರ ಬಂದ್ಮೇಲೆ ನಾನು ಬೇರೆ ಏನಾದ್ರೂ ಮಾಡ್ತೀನಾ? ಇಲ್ಲ ಅಂದ್ರೆ ಆ ಪರೀಕ್ಷೆ ಯಾಕೆ?”

ಅಕ್ಕನಿಗೆ ಅದು ಹಿಡಿಸಲಿಲ್ಲ.

ಕಿವಿಯ ಡಾಕ್ಟರು ಎರಡೂ ಕಿವಿಯಿಂದ ಹುಣಿಸೆ ಬೀಜದಷ್ಟು ಗುಗ್ಗೆ ತೆಗೆದರು. ಇವರು ಮೊದಲು ಫ್ಯಾನಿನ ಸದ್ದು ಕೇಳಿ ಮೇಲೆ ನೋಡಿದರು. ಆಮೇಲೆ ಹೊರಗಿನ ಬೆಂಚಿನಿಂದ ಅಕ್ಕನ ದನಿ ಬಂತು. ರಿಸೆಪ್ಷನ್ನಿನ ಹುಡುಗಿಗೆ ಟೋಕನ್ ಹೇಗೆ ಕೊಡಬೇಕೆಂದು ಹೇಳಿಕೊಡುತ್ತಿದ್ದಳು. ಇವರು ಸ್ವಲ್ಪ ಹೊತ್ತು ಕೇಳಿಸಿಕೊಂಡು ಡಾಕ್ಟರ ಕಡೆ ತಿರುಗಿದರು.

“ಒಂದೇ ಕಿವೀದು ತೆಗೆದಿದ್ರೆ ಸಾಕಾಗ್ತಿರ್ಲಿಲ್ವಾ?”

ಮುಳ್ಳಿಲ್ಲದ ಗಡಿಯಾರ

ಕಿವಿ ಬಂದ ಮೇಲೆ ಮತ್ತೆ ಡಾಕ್ಟರಮ್ಮನ ಕೋಣೆ. ಈ ಸಲ ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್. “ಸಾರ್, ಒಂದು ಗಡಿಯಾರ ಬರೀರಿ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸ್ಬೇಕು.”

ಈ ಪರೀಕ್ಷೆಯಲ್ಲಿ ಎಂಥೆಂಥ ದೊಡ್ಡವರೂ ಮುಗ್ಗರಿಸುತ್ತಾರೆ, ಒಂದೇ ಕಡೆ ಎಲ್ಲ ಅಂಕಿಗಳನ್ನೂ ತುರುಕುತ್ತಾರೆ ಎಂದು ನಾನು ಓದಿದ್ದೆ.

ಇವರು ಪೆನ್ಸಿಲಿನ ಮೊನೆ ನೋಡಿದರು. “ಇದು ಮೊಂಡು. ಕಂಪಾಸ್ ಇಲ್ವಾ?”

“ಕೈಯಲ್ಲೇ ಬರೀರಿ ಸಾರ್, ಪರವಾಗಿಲ್ಲ.”

“ಕೈಯಲ್ಲಿ ಬರೆಯೋದು ನಾನು ಯಾವತ್ತೂ ಮಾಡ್ದೋನಲ್ಲ.” ಜೇಬಿನಿಂದ ಒಂದು ರೂಪಾಯಿಯ ನಾಣ್ಯ ತೆಗೆದು ಮಧ್ಯದಲ್ಲಿಟ್ಟು, ಅದರ ಸುತ್ತ ಅಳತೆ ಗುರುತು ಹಾಕಿ, ನನ್ನ ಕನ್ನಡಕದ ಡಬ್ಬಿಯನ್ನು ಸ್ಕೇಲು ಮಾಡಿಕೊಂಡು ಬರೆಯಲು ಶುರು ಮಾಡಿದರು. ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲು ತೆಗೆದು ನೋಡಿದರು. ವೃತ್ತ ಬಂತು, ಹನ್ನೆರಡು ಅಂಕಿಗಳು ಬಂದವು, ಅವುಗಳ ನಡುವೆ ನಿಮಿಷದ ಅರವತ್ತು ಗೆರೆಗಳೂ ಬಂದವು. ಬಲಮೂಲೆಯಲ್ಲಿ ಚೌಕ ಹಾಕಿ ‘ಗಡಿಯಾರ’ ಎಂದು ಬರೆದು, ಪೆನ್ಸಿಲ್ ಕೆಳಗಿಟ್ಟು, ಹಾಳೆಯನ್ನು ಡಾಕ್ಟರಮ್ಮನ ಕಡೆ ತಳ್ಳಿದರು.

ಮುಳ್ಳುಗಳೇ ಇರಲಿಲ್ಲ.

ಅಷ್ಟು ಚೆಂದದ ಗಡಿಯಾರ, ನಡುವೆ ಖಾಲಿ. ಡಾಕ್ಟರಮ್ಮ ಮೃದುವಾಗಿ, “ಸಾರ್, ಇನ್ನೇನಾದ್ರೂ ಬಾಕಿ ಇದೆಯಾ?” ಎಂದರು.

ಇವರು ಅಚ್ಚರಿಯಿಂದ ಅವರನ್ನು ನೋಡಿದರು. “ಇದೆ. ಮೊದ್ಲು ನೀವು ಇದಕ್ಕೆ ಸೈನ್ ಹಾಕ್ಬೇಕು. ಬುಡದ ಡ್ರಾಯಿಂಗ್ ಅಪ್ರೂವ್ ಆಗ್ದೆ ಮೇಲಿನದು ಹೇಗೆ ಬರೀಲಿ?”

ಡಾಕ್ಟರಮ್ಮ ಸೈನ್ ಹಾಕಿದರು. ಆಮೇಲೆ ಮುಳ್ಳು ಬಂತು.

ಹತ್ತು ವರ್ಷದ ಹಿಂದೆ ಹೇಗಿದ್ದರು

ಇನ್ನೊಂದು ಪರೀಕ್ಷೆ ನನಗೆ. ಮನೆಯವರು ತುಂಬಬೇಕಾದ ಹಾಳೆ ಅದು. ಹತ್ತು ವರ್ಷದ ಹಿಂದಕ್ಕೆ ಹೋಲಿಸಿದರೆ ಈಗ ಹೇಗಿದ್ದಾರೆ, ಮೇಲಾ, ಹಾಗೇನಾ, ಕೀಳಾ, ಎಂದು ಗುರುತು ಹಾಕಬೇಕು. ನಾನು ಶ್ರದ್ಧೆಯಿಂದ ಕೂತು, ಸಂದೇಹ ಬಂದ ಕಡೆ ಹಳೆಯ ಡೈರಿಗಳನ್ನೂ ತೆಗೆದು ನೋಡಿ ತುಂಬಿದೆ.

ನೆಂಟರಿಷ್ಟರ ಹುಟ್ಟಿದ ದಿನ ನೆನಪಿದೆಯೇ? ಹಾಗೇ. ವಸ್ತುಗಳನ್ನು ಎಲ್ಲಿಟ್ಟಿದ್ದಾರೆಂದು ಗೊತ್ತೇ? ಹಾಗೇ. ಮನೆಯ ಹೊಸ ಯಂತ್ರಗಳನ್ನು ಬಳಸಲು ಕಲಿಯುತ್ತಾರೆಯೇ? ಹಾಗೇ. ಅಂಗಡಿಯಿಂದ ಏನು ತರಬೇಕೆಂದು ತೀರ್ಮಾನಿಸುತ್ತಾರೆಯೇ? ಹಾಗೇ.

ಡಾಕ್ಟರಮ್ಮನ ಮುಖ ಅರಳಿತು. “ತುಂಬಾ ಒಳ್ಳೇದು ಅಮ್ಮ. ಒಂದರಲ್ಲೂ ಇಳಿದಿಲ್ಲ. ಅಂದ್ರೆ ಎಲ್ಲಾ ನೆನಪಿಟ್ಕೋತಾರೆ.”

“ಇಲ್ಲ ಡಾಕ್ಟ್ರೇ, ಒಂದೂ ನೆನಪಿಟ್ಕೊಳ್ಳಲ್ಲ. ಆಗ್ಲೂ ಇಟ್ಕೊತಿರ್ಲಿಲ್ಲ. ಮದುವೆ ಆದ ವರ್ಷದ ಡೈರಿ ತರ್ಲಾ?”

ಸ್ಕ್ಯಾನಿನ ಗುಹೆ

ಇಷ್ಟಾದ ಮೇಲೆ ಡಾಕ್ಟರಮ್ಮ ಒಂದು ಎಂಆರ್‌ಐ ಬರೆದರು. ಗಡ್ಡೆ, ರಕ್ತ ಕಟ್ಟಿಕೊಂಡದ್ದು, ಸಣ್ಣ ಪಾರ್ಶ್ವವಾಯು, ಇವು ಇಲ್ಲವೆಂದು ಒಮ್ಮೆ ನೋಡಿಕೊಳ್ಳಬೇಕು ಎಂದರು. ಆ ಮೂರು ಹೆಸರು ಕೇಳಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ.

ಆಸ್ಪತ್ರೆಯೆಂದರೆ ಬೆನ್ನು ತಿರುಗಿಸುತ್ತಿದ್ದ ಇವರು ಈಗೀಗ ಪ್ರತಿ ಪರೀಕ್ಷೆಗೂ ನನಗಿಂತ ಮೊದಲು ಚಪ್ಪಲಿ ಹಾಕಿಕೊಂಡು ನಿಲ್ಲುತ್ತಿದ್ದರು. “ಸ್ವಭಾವ ಬದಲಾಗೋದೇ ಮೊದಲ ಲಕ್ಷಣ” ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ಅದಕ್ಕೂ ಹೆದರಿದೆ.

ಯಂತ್ರದ ಸದ್ದು ಹೊರಗಿನ ಬೆಂಚಿಗೂ ಕೇಳಿಸುತ್ತಿತ್ತು, ಮನೆ ಕಟ್ಟುವಲ್ಲಿ ಕಾಂಕ್ರೀಟು ಕಲಸಿದ ಹಾಗೆ. ಒಳಗೆ ಅವರು ಒಬ್ಬರೇ. ನಾನು ಕಣ್ಣು ಮುಚ್ಚಿ ಗುರುರಾಯರನ್ನು ನೆನೆಯುತ್ತಿದ್ದೆ. ಬಹಳ ಹೊತ್ತಿನ ಮೇಲೆ ಟೆಕ್ನಿಷಿಯನ್ ಬಂದು, “ತಾತ ಗೊರಕೆ ಹೊಡೀತಿದ್ರು, ಎಬ್ಬಿಸ್ಬೇಕಾಯ್ತು” ಎಂದ. ಅವನ ಹಿಂದೆ ಇವರು, ಮುಖದಲ್ಲಿ ವಾರಗಳಿಂದ ಕಾಣದ ಕಳೆ. ಅಕ್ಕನನ್ನೂ ನನ್ನನ್ನೂ ನೋಡಿ, ಮತ್ತೆ ಟೆಕ್ನಿಷಿಯನ್ನನ ಕಡೆ ತಿರುಗಿದರು.

“ನಾಳೇನೂ ಬರ್ಬೇಕಾಗುತ್ತಾ?”

ಯಾರೂ ಕೇಳದ ಪ್ರಶ್ನೆ

ಕೊನೆಯ ಭೇಟಿ. ಅಕ್ಕ, ನಾನು, ಇವರು ಸಾಲಾಗಿ ಕೂತೆವು. ನನ್ನ ಮಡಿಲಲ್ಲಿ ಎಲ್ಲ ರಿಪೋರ್ಟುಗಳೂ ತಾರೀಖಿನ ಪ್ರಕಾರ ಜೋಡಿಸಿದ್ದವು.

ಡಾಕ್ಟರಮ್ಮ ಒಂದೊಂದಾಗಿ ಹೇಳಿದರು. ಸ್ಕ್ಯಾನಿನಲ್ಲಿ ವಯಸ್ಸಿಗೆ ತಕ್ಕಷ್ಟೇ ಸವೆತ. ಬಿ12 ಬಹಳ ಕಮ್ಮಿ, ಅದಕ್ಕೆ ಇಂಜೆಕ್ಷನ್. ತುರಿಕೆಯ ಮಾತ್ರೆ ಬಿಟ್ಟಾಗಿದೆ. ಗುಗ್ಗೆ ತೆಗೆದರೂ ಎಡಗಿವಿ ಮಂದ, ಅದಕ್ಕೊಂದು ಮಿಷನ್. ಎರಡನೇ ಸಲದ ಪ್ರಶ್ನೆಗಳಲ್ಲಿ ತಕ್ಕಮಟ್ಟಿಗೆ ಪಾಸು.

ಆಗ ನಾನು ತಡೆಯಲಾರದೆ, ಅತ್ತೆಯ ಊಟದ ವಿಷಯ ಹೇಳಿಬಿಟ್ಟೆ. ಅಕ್ಕ ನನ್ನ ಕೈ ಹಿಡಿದುಕೊಂಡಳು. ಡಾಕ್ಟರಮ್ಮ ಇವರನ್ನು ಕೇಳಿದರು. ಇವರು ಯೋಚಿಸಿದರು.

“ಕೇಳಿದ್ನಾ? ನೆನಪಿಲ್ವಲ್ಲ.”

“ಅದೊಂದನ್ನ ನಾನು ತಳ್ಳಿಹಾಕಕ್ಕಾಗಲ್ಲ ಅಮ್ಮ” ಎಂದರು ಡಾಕ್ಟರಮ್ಮ. “ಆ ಮಾತ್ರೆಯಿಂದ ಬಂದ ಮಂಕಿರಬಹುದು, ಬೇರೆ ಇರಬಹುದು. ಇವತ್ತು ಯಾವ ಪರೀಕ್ಷೆನೂ ಅದನ್ನ ಹೇಳಲ್ಲ. ಆರು ತಿಂಗಳಿಗೆ ಬನ್ನಿ. ಇನ್ನೊಂದಿದೆ, ಅವತ್ತು ಚಾಮರಾಜಪೇಟೆಗೆ ಹೋಗಿದ್ದು. ಅದ್ಯಾಕೆ ಅಂತ...”

“ಅದು ಡಾಕ್ಟ್ರೇ, ಹಳೇ ಮನೇನ ನಮ್ಮನೆ ಅಂತ...” ಎಂದು ನಾನು ಶುರು ಮಾಡಿದೆ. ಡಾಕ್ಟರಮ್ಮ ಕೈಯೆತ್ತಿದರು.

“ಸಾರ್ ಹೇಳ್ಲಿ.”

ಇವರು ಅಭ್ಯಾಸದಂತೆ ನನ್ನ ಮುಖ ನೋಡಿದರು. ನಾನು ತುಟಿ ಬಿಗಿದುಕೊಂಡೆ. ಅದು ಎಷ್ಟು ಕಷ್ಟವೆಂದು ಮದುವೆಯಾಗಿ ಐವತ್ತು ವರ್ಷವಾದವರಿಗೇ ಗೊತ್ತು.

“ನಾನೇ ಹೇಳ್ಬಹುದಾ?”

“ಹೇಳಿ ಸಾರ್.”

“ಅವತ್ತು ಅತ್ತಿಗೆ ಬಂದಿದ್ರು.”

ಅವರು ನಿಧಾನವಾಗಿ, ಗಡಿಯಾರ ಬರೆದಷ್ಟೇ ಕ್ರಮವಾಗಿ ಮುಂದುವರಿಸಿದರು. “ಬಂದ್ರೆ ಸಂಜೆ ತನಕ ಇರ್ತಾರೆ. ಪಾರ್ಕಲ್ಲಿ ಕೂತ್ರೆ ಗುರ್ತಿನೋರು ಮನೆಗೆ ಹೇಳ್ತಾರೆ. ಮಗನ ಅಂಗಡಿಗೆ ಹೋದ್ರೆ ಅವನೇ ಫೋನ್ ಮಾಡ್ತಾನೆ. ಮೊಬೈಲ್ ಇದ್ರೆ ಇವಳು ಮಾಡ್ತಾಳೆ. ಚಾಮರಾಜಪೇಟೆ ಮನೆ ಜಗಲಿಗೆ ಮಧ್ಯಾಹ್ನ ನೆರಳಿರುತ್ತೆ ಅಂತ ನೆನಪಿತ್ತು. ಹೋಗಿ ನೋಡಿದ್ರೆ ಈಗ್ಲೂ ಇತ್ತು.”

“ಇಷ್ಟು ದಿನ ಯಾಕೆ ಸಾರ್ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲ. ಅಲ್ದೆ, ಅವತ್ತಿಂದ ಅವರು ನಮ್ಮನೇಲೇ ಇದ್ದಾರಲ್ಲ.”

ಡಾಕ್ಟರಮ್ಮ ತಲೆ ಬಗ್ಗಿಸಿಕೊಂಡು ಬಹಳ ಹೊತ್ತು ಏನೋ ಬರೆದರು. ಭುಜ ಮಾತ್ರ ಅಲ್ಲಾಡುತ್ತಿತ್ತು. ನಾನು ಅಕ್ಕನ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಕೊನೆಗೆ ಅವಳೇ ನನ್ನ ಕೈ ಬಿಟ್ಟು, ಸೆರಗು ಸರಿಮಾಡಿಕೊಂಡು, ಮೈದಾನದ ಕಂಠದಲ್ಲಿ ಹೇಳಿದಳು:

“ನಾನು ಮೊದ್ಲೇ ಬಡ್ಕೊಂಡೆ ಡಾಕ್ಟ್ರೇ, ಪೆಟ್ ಸ್ಕ್ಯಾನ್ ಮಾಡಿಸಿ ಅಂತ.”

ಇದಕ್ಕೆಲ್ಲ ಒಟ್ಟು ತಗಲಿದ್ದು ಇಷ್ಟು. ರಕ್ತದ ಪರೀಕ್ಷೆ, ಒಂದು ಸ್ಕ್ಯಾನು, ಐದು ಇಂಜೆಕ್ಷನ್ನು, ಎಡಗಿವಿಗೊಂದು ಮಿಷನ್ನು. ಅವುಗಳ ಬಿಲ್ಲು ಮಗ ಕೊಟ್ಟ. ಅಕ್ಕ ಅಂದೇ ಸಂಜೆ ಸೂಟ್‌ಕೇಸು ಹಿಡಿದು ಹೊರಟವಳು ದಸರಾ ಗೊಂಬೆ ನೋಡಲು ಬರುವ ತನಕ ನನ್ನ ಹತ್ತಿರ ಮಾತು ಬಿಟ್ಟಳು. ಇವರನ್ನು ಯಾರಾದರೂ ಏನಾದರೂ ಕೇಳಿದರೆ ನಾನು ಉತ್ತರ ಹೇಳುವಂತಿಲ್ಲ. ಅದು ಡಾಕ್ಟರಮ್ಮನ ಕಟ್ಟಪ್ಪಣೆ, ಚೀಟಿಯಲ್ಲೇ ಬರೆದುಕೊಟ್ಟಿದ್ದಾರೆ. ಊಟಕ್ಕೆ ಬಡಿಸುವಾಗ ಇವರು ಬಾಯಿ ತೆರೆದರೆ, ಮತ್ತೆ ಅಮ್ಮನ ಊಟ ಕೇಳುತ್ತಾರೇನೋ ಎಂದು ನನ್ನ ಕೈಯ ತುಪ್ಪದ ಚಮಚ ಈಗಲೂ ನಿಲ್ಲುತ್ತದೆ. ಇಲ್ಲಿಯ ತನಕ ಕೇಳಿರುವುದೆಲ್ಲ ಒಂದೇ: ಅತ್ತಿಗೆ ಮತ್ತೆ ಯಾವಾಗ ಬರ್ತಾರೆ?